ಕಿರುಕೀಶ ಮೀಮಾಂಸೆ: ಒಂದು ಡಜನ್ ಉಪ್ಪುಖಾರದ ಗೂಡುಗಳ ಆಮೂಲಾಗ್ರ ಅಧ್ಯಯನ

ಪೀಠಿಕೆ

ಸಂಶೋಧನ ಪ್ರಬಂಧ ಎಂದಮೇಲೆ ‘ಈ ವಿಷಯ ಇದುವರೆಗೆ ವಿದ್ವಾಂಸರ ಅವಜ್ಞೆಗೆ ಗುರಿಯಾಗಿದೆ’ ಎಂದು ಕೊರಗುತ್ತಲೇ ಶುರುವಾಗಬೇಕು. ಮೊದಲು ಆ ಶಾಸ್ತ್ರ ಮುಗಿಸಿಬಿಡುತ್ತೇನೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅರಮನೆಯ ಅಡುಗೆಯ ಬಗ್ಗೆ ಹೇಳುತ್ತ ಇಲಿ ಹುರಿಯುವ ಕ್ರಮವನ್ನೂ ಬಿಡದ ಈ ದೊರೆ ಕೀಶ್ ಎಂಬ ಮೊಟ್ಟೆಯ ತಿಂಡಿಯ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. 16ನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಹಾಡಿದ. ಹಿಟ್ಟಿನ ತಿಂಡಿಗಳಿಗೂ ಬದನೆಕಾಯಿಗೂ ಅವನಲ್ಲಿ ಪದ್ಯವುಂಟು; ಆದರೆ ಜೈನನಾದ ಆತನ ಒಲೆಯ ಹತ್ತಿರ ಮೊಟ್ಟೆ ಸುಳಿಯುವಂತಿರಲಿಲ್ಲ. ಒಬ್ಬ ದೊರೆ, ಒಬ್ಬ ಕವಿ ಹೀಗೆ ಕೈಬಿಟ್ಟ ಹೊಣೆ ಇಷ್ಟು ಶತಮಾನ ಅನಾಥವಾಗಿ ಅಲೆದು, ಕಡೆಗೆ ಹೋದ ಏಪ್ರಿಲ್ ತಿಂಗಳ ಒಂದು ಶನಿವಾರ ರಾಜಾಜಿನಗರದ ಎರಡನೆಯ ಮಹಡಿಯಲ್ಲಿರುವ ನಿವೃತ್ತ ಹಸ್ತಪ್ರತಿ ಸಂಪಾದಕನೊಬ್ಬನ ಹೆಗಲೇರಿತು. ಆ ಹೆಗಲು ನನ್ನದು.

ಏರಿದ ಬಗೆಯನ್ನೂ ದಾಖಲಿಸಬೇಕು. ‘ಅಪ್ಪಾ, ಭಾನುವಾರ ನಮ್ಮ ಆಫೀಸಿನವರು ಏಳು ಜನ ಬ್ರಂಚಿಗೆ ಬರ್ತಿದ್ದಾರೆ. ಮಿನಿ ಕೀಶ್ ಮಾಡೋಣ’ ಎಂದಳು ಮಗಳು. ‘ಮಾಡೋಣ’ ಎಂಬ ರೂಪ ಮಾತಾಡುವವರನ್ನೂ ಕೇಳುವವರನ್ನೂ ಒಳಗೊಳ್ಳುತ್ತದೆ ಎಂದು ವ್ಯಾಕರಣ ಹೇಳುತ್ತದೆ. ಪ್ರಯೋಗದಲ್ಲಿ ನೋಡಿದರೆ ಮಾತಾಡಿದವರು ಮೆಲ್ಲಗೆ ಜಾರಿಕೊಳ್ಳುತ್ತಾರೆ. ‘ಒಂದಿನ ತಿರುಪತಿಗೆ ಹೋಗೋಣ’, ‘ಮನೆಗೆ ಸುಣ್ಣ ಹೊಡೆಸೋಣ’ ಮುಂತಾದವನ್ನು ಇಲ್ಲಿ ಹೋಲಿಸಬಹುದು. ಶನಿವಾರ ಬೆಳಗ್ಗೆ ಅವಳಿಗೆ ಕಚೇರಿಯಿಂದ ಕರೆ ಬಂತು; ಲ್ಯಾಪ್‌ಟಾಪ್ ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡಳು. ಹೆಂಡತಿ ಆಗಲೇ ಪಾಯಸ, ಹಣ್ಣು, ಕಾಫಿಗಳ ಜವಾಬ್ದಾರಿ ಹೊತ್ತಿದ್ದಳು. ಉಳಿದದ್ದು ನಾನು ಮತ್ತು ಮೂವತ್ತು ವರ್ಷ ತಾಳೆಗರಿ ಓದಿದ ನನ್ನ ಕಣ್ಣು.

ಶಬ್ದವಿಚಾರ

ಈ ತಿಂಡಿಯ ಹೆಸರನ್ನು ನಾನು ಮೊದಲು ಕಂಡದ್ದು ಹೋಟೆಲೊಂದರ ಮೆನುವಿನಲ್ಲಿ. ಅಕ್ಷರ ಕೂಡಿಸಿ ‘ಕ್ವಿಚೆ’ ಎಂದೆ. ಮಾಣಿ ಸೌಜನ್ಯವಂತ, ತಾನೂ ‘ಒಂದ್ ಕ್ವಿಚೆ’ ಎಂದೇ ಬರೆದುಕೊಂಡ. ಮಗಳು ಮಾತ್ರ ಮೇಜಿನಡಿ ನನ್ನ ಕಾಲು ತುಳಿದು, ‘ಕೀಶ್, ಅಪ್ಪಾ, ಕೀಶ್’ ಎಂದು ಪಿಸುಗುಟ್ಟಿದಳು.

ಕೀಶ್ ಎಂದರೆ ಏನು? ಈ ಪ್ರಶ್ನೆಯನ್ನು ನಾನು ಮೈಸೂರಿನಲ್ಲಿರುವ ನನ್ನ ಸೋದರಮಾವನಿಗೆ ಫೋನಿನಲ್ಲಿ ಒಪ್ಪಿಸಿದೆ. ಅವರು ಸಂಸ್ಕೃತ ಪಾಠಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಆ ಕಡೆಯಿಂದ ಹತ್ತು ಸೆಕೆಂಡು ಸದ್ದಿಲ್ಲ. ಆಮೇಲೆ ಒಂದು ದೀರ್ಘ ನಗು. ‘ಏನಯ್ಯ, ಭಾನುವಾರ ಮನೆಗೆ ಬಂದೋರಿಗೆ ಮರಿಕೋತಿ ಬಡಿಸ್ತೀಯಾ?’ ಎಂದರು. ಅವರದು ಆಧಾರವಿಲ್ಲದ ಮಾತಲ್ಲ. ‘ಅಮರಕೋಶ’ದಲ್ಲಿ ಕಪಿ, ಮರ್ಕಟ, ವಾನರಗಳ ಪಂಕ್ತಿಯಲ್ಲೇ ‘ಕೀಶ’ವೂ ಕೂತಿದೆ. ಮಿನಿ ಎಂದರೆ ಕಿರಿದು. ಸಮಾಸ ಬಿಡಿಸಿ ನೋಡಿದರೆ ಮಾವನ ಅರ್ಥವೇ ನಿಲ್ಲುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ಮಾವ ಆಗುತ್ತಿರಲಿಲ್ಲ. ಈ ತಿಂಡಿಯ ವರ್ಣನೆ ಪೂರ್ತಿ ಕೇಳಿ, ಇದು ನಮ್ಮ ಪಡ್ಡುವೇ ಎಂಬ ಎರಡನೆಯ ಪಕ್ಷವನ್ನು ಮಂಡಿಸಿದರು. ‘ಗುಳಿಗುಳಿ ಇರೋ ಕಾವಲಿ ತಾನೆ? ಗುಳಿಗೆ ಹಿಟ್ಟು ಹುಯ್ಯೋದು ತಾನೆ? ಕಡುಬಿನ ಹಾಗೆ ಒಳಗೊಂದು ಹೊರಗೊಂದು ತಾನೆ? ನಮ್ಮೋರು ಹಡಗಿನಲ್ಲಿ ಹೋಗಿ ಹೇಳಿಕೊಟ್ಟಿರ್ತಾರೆ.’ ಯಾವ ಹಡಗು, ಯಾವ ಬಂದರು ಎಂದು ಕೇಳುವುದು ಈ ಸಂಶೋಧನ ಮಾರ್ಗದಲ್ಲಿ ಅಸಭ್ಯತೆ. ವಿಮಾನದಿಂದ ಹಿಡಿದು ಪ್ಲಾಸ್ಟಿಕ್ ಸರ್ಜರಿಯವರೆಗೆ ಎಲ್ಲವನ್ನೂ ಈ ಮಾರ್ಗದಲ್ಲಿ ಮನೆಗೆ ಕರೆತಂದವರಿದ್ದಾರೆ. ಅವರಿಗೆ ಹೋಲಿಸಿದರೆ ಮಾವ ಒಂದು ಪಡ್ಡುವಿಗೆ ತೃಪ್ತರು.

ಇದು ಪೂರ್ವಪಕ್ಷ. ಇನ್ನು ಸಿದ್ಧಾಂತ. ಕೀಶ್ ಹುಟ್ಟಿದ್ದು ಫ್ರಾನ್ಸಿನ ಈಶಾನ್ಯಕ್ಕಿರುವ ಲೊರೇನ್ ಸೀಮೆಯಲ್ಲಿ. ಜರ್ಮನ್ ಭಾಷೆಯಲ್ಲಿ ಕೇಕಿಗೆ ‘ಕೂಖೆನ್’ ಎನ್ನುತ್ತಾರೆ. ಅದೇ ಗಡಿಸೀಮೆಯ ಆಡುಮಾತಿನಲ್ಲಿ ಸವೆದು ಸವೆದು ಫ್ರೆಂಚರ ಬಾಯಲ್ಲಿ ‘ಕೀಶ್’ ಆಯಿತೆಂದು ಬಲ್ಲವರು ಒಪ್ಪಿದ್ದಾರೆ. ಲೊರೇನ್ ಒಂದು ಡ್ಯೂಕನ ಸೀಮೆಯಾಗಿತ್ತು. ಪೋಲೆಂಡಿನ ಪಟ್ಟ ಕಳೆದುಕೊಂಡ ಸ್ತನಿಸ್ಲಾವ್ ಲೆಶ್ಚಿನ್‌ಸ್ಕಿ, 15ನೆಯ ಲೂಯಿಗೆ ಹೆಣ್ಣು ಕೊಟ್ಟ ಮಾವನೆಂಬ ಕಾರಣಕ್ಕೆ ಅಲ್ಲಿ ಡ್ಯೂಕನಾಗಿ ಕೂತ. 1766ರಲ್ಲಿ ಆತ ಸತ್ತ ಕೂಡಲೇ ಸೀಮೆ ಅಳಿಯನ ಫ್ರಾನ್ಸಿಗೆ ಸೇರಿತು. ಅಳಿಯನೂರಿನ ಮರ್ಜಿಯಲ್ಲಿ ಬದುಕುವ ಮಾವಂದಿರು ಎಲ್ಲ ದೇಶದಲ್ಲೂ ಉಂಟೆಂಬುದು ಇಲ್ಲಿ ಪ್ರಾಸಂಗಿಕ. 1871ರಲ್ಲಿ ಲೊರೇನಿನ ಒಂದು ತುಂಡನ್ನು ಜರ್ಮನ್ನರು ಕಿತ್ತುಕೊಂಡರು, ಮೊದಲ ಮಹಾಯುದ್ಧದ ಕೊನೆಯಲ್ಲಿ ಫ್ರೆಂಚರು ವಾಪಸು ಪಡೆದರು, 1940ರಲ್ಲಿ ಮತ್ತೆ ಹೋಯಿತು, ಯುದ್ಧ ಮುಗಿಯುವಾಗ ಮತ್ತೆ ಬಂತು. ಗಡಿಯಲ್ಲಿ ಹುಟ್ಟಿದ ತಿಂಡಿಗೆ ಎರಡು ಭಾಷೆಯ ಎಂಜಲು ಅಂಟುವುದನ್ನು ಬೆಳಗಾವಿಯ ಕುಂದಾ ತಿಂದವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಮಾವನಿಗೆ ಇದೆಲ್ಲ ಓದಿ ಹೇಳಿದೆ. ‘ಪೋಲೆಂಡಿನ ಮಾವ ಅಂದ್ಯಲ್ಲ, ಅದೊಂದು ಸರಿಯಾಗಿದೆ’ ಎಂದು ಫೋನಿಟ್ಟರು.

ಪ್ರಕ್ಷಿಪ್ತ ವಿಚಾರ

ನನ್ನ ಕೈಗೆ ಸಿಕ್ಕ ಪ್ರತಿಗಳು ಮೂರು. ಕ ಪ್ರತಿ: ಮಗಳು ವಾಟ್ಸಾಪಿನಲ್ಲಿ ಕಳಿಸಿದ್ದು. ಖ ಪ್ರತಿ: ಹೆಂಡತಿ ಮದುವೆಗೆ ಮುಂಚೆ ಬೇಕಿಂಗ್ ಕ್ಲಾಸಿಗೆ ಹೋಗಿ ಬರೆದುಕೊಂಡ ಇನ್ನೂರು ಪುಟದ ನೋಟ್‌ಬುಕ್ಕು, ಅಲ್ಲಲ್ಲಿ ತುಪ್ಪದ ಕಲೆ, ಹಿಂಬದಿಯ ರಟ್ಟಿಲ್ಲ. ಗ ಪ್ರತಿ: ಓಟಿಜಿ ಓವನ್ನು ಕೊಂಡಾಗ ಪೆಟ್ಟಿಗೆಯೊಳಗೆ ಬಂದ ಪುಸ್ತಿಕೆ. ಇದು ಅತಿ ಸಂಕ್ಷಿಪ್ತ; ‘ಬೇಯುವವರೆಗೆ ಬೇಯಿಸಿ’ ಎಂಬ ಸೂತ್ರಪ್ರಾಯವಾದ ಒಂದೇ ವಾಕ್ಯದಿಂದಾಗಿ ಪ್ರಾಚೀನವಿರಬೇಕೆಂಬ ಅನುಮಾನ ಹುಟ್ಟಿಸುತ್ತದೆ.

ಮೂರರಲ್ಲೂ ಚೀಸ್ ಇದೆ. ಇಲ್ಲಿಯೇ ಸಂಪಾದಕನ ಕಿವಿ ನಿಮಿರುವುದು. ಏಕೆಂದರೆ ಲೊರೇನಿನ ಮೂಲಪಾಠದಲ್ಲಿ ಚೀಸ್ ಇಲ್ಲ. ಮೊಟ್ಟೆ, ಕೆನೆ, ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸದ ಚೂರು, ಕೆಳಗೊಂದು ಹಿಟ್ಟಿನ ತಳ. ಮುಗಿಯಿತು. ಆ ತಳವೂ ಹಿಂದೆ ಬ್ರೆಡ್ಡಿಗೆ ಕಲಸಿದ ಹಿಟ್ಟೇ ಆಗಿತ್ತು. ಬೆಣ್ಣೆಯ ಗರಿಗರಿ ಆಮೇಲೆ ಬಂದ ಸೊಗಸು. 1961ರಲ್ಲಿ ಜೂಲಿಯಾ ಚೈಲ್ಡ್ ಮತ್ತು ಅವರ ಇಬ್ಬರು ಫ್ರೆಂಚ್ ಗೆಳತಿಯರು ಅಮೆರಿಕದ ಗೃಹಿಣಿಯರಿಗೆ ಫ್ರೆಂಚ್ ಅಡುಗೆ ಕಲಿಸಲು ಬರೆದ ಹೆಬ್ಬೊತ್ತಿಗೆಯಲ್ಲೂ ಅಸಲಿ ಲೊರೇನ್ ಕೀಶ್‌ಗೆ ಚೀಸ್ ಇಲ್ಲವೆಂದೇ ಇದೆ. ಈರುಳ್ಳಿ ಬಿದ್ದರೆ ಅದು ಪಕ್ಕದ ಅಲ್ಸಾಸ್ ಸೀಮೆಯ ಪಾಠ. ಚೀಸ್ ಬಿದ್ದರೆ ವೋಜ್ ಬೆಟ್ಟದ ಕಡೆಯ ಪಾಠ. ಆದ್ದರಿಂದ ಚೀಸ್ ಪ್ರಕ್ಷಿಪ್ತ. ಯಾರೋ ಉದಾರಿ ಲಿಪಿಕಾರ ತನ್ನೂರಿನ ರುಚಿಯನ್ನು ನಡುವೆ ತುರುಕಿದ್ದಾನೆ.

ಈ ತೀರ್ಮಾನವನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರಕಟಿಸಿದೆ. ಹೆಂಡತಿ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ. ‘ರೀ, ಹಂದಿ ಹಾಕ್ತೀರಾ?’

‘ಛೆ, ನಮ್ಮನೇಲಿ ಹೇಗಾಗತ್ತೆ?’

‘ಮೂಲದಲ್ಲಿರೋದನ್ನ ತೆಗೆದಿದ್ದೀರಿ ಅಂದ್ಮೇಲೆ ಮೂಲದಲ್ಲಿ ಇಲ್ಲದ್ದನ್ನ ಹಾಕಕ್ಕೆ ಏನಂತೆ? ಚೀಸ್ ಇಲ್ದಿದ್ರೆ ಆ ಮಕ್ಕಳು ಮುಟ್ಟಲ್ಲ.’

ಗ್ರಂಥಸಂಪಾದನ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಇದ್ದದ್ದನ್ನು ಬಿಟ್ಟು, ಇಲ್ಲದ್ದನ್ನು ಸೇರಿಸಿ, ‘ಮೂಲಕ್ಕೆ ನಿಷ್ಠ’ ಎಂದು ಪೋಸ್ಟರು ಅಂಟಿಸುವ ಪದ್ಧತಿ ನಮ್ಮಲ್ಲಿ ಕಾದಂಬರಿ ಹಿಡಿದು ಸಿನಿಮಾ ಮಾಡುವವರಿಂದ ಬಹಳ ಹಿಂದೆಯೇ ಸ್ಥಾಪಿತವಾಗಿದೆ. ನಾನು ರಾಜಿಗೆ ಬಂದೆ: ಸಂದೇಹಾಸ್ಪದ ಪಾಠವನ್ನು ಸಂಪಾದಕರು ಕಂಸದೊಳಗೆ ಮುದ್ರಿಸುವಂತೆ, ಹನ್ನೆರಡರಲ್ಲಿ ಆರಕ್ಕೆ ಮಾತ್ರ ಚೀಸ್. ಹಂದಿಯ ಜಾಗಕ್ಕೆ ಸಬ್ಬಸಿಗೆ ಸೊಪ್ಪು ಮತ್ತು ಹುರಿದ ಈರುಳ್ಳಿ. ಸಬ್ಬಸಿಗೆಗೂ ಮೊಟ್ಟೆಗೂ ಯುರೋಪಿನ ಅಡುಗೆಯಲ್ಲಿ ಹಳೆಯ ಸ್ನೇಹ, ಇದರಲ್ಲಿ ನನ್ನದೇನೂ ಹೊಸತಿಲ್ಲ. 2023ರ ಮೇ ತಿಂಗಳಲ್ಲಿ ನಡೆದ ಮೂರನೆಯ ಚಾರ್ಲ್ಸನ ಪಟ್ಟಾಭಿಷೇಕಕ್ಕೆ ಬ್ರಿಟನ್ನಿನ ಅರಮನೆ ಪ್ರಜೆಗಳಿಗೆ ಸೂಚಿಸಿದ ತಿಂಡಿಯೂ ಕೀಶೇ: ಪಾಲಕ್, ಅಲ್ಲಿನ ಅಗಲ ಅವರೆಯ ಕಾಳು, ಟ್ಯಾರಗನ್ ಎಂಬ ಪರಿಮಳದ ಸೊಪ್ಪು ಹಾಕಿದ್ದು. ಜನವರಿಯಾಗಿದ್ದರೆ ನಾನೂ ಹಿತಕವರೆ ಹಾಕಿ ಪಟ್ಟಾಭಿಷೇಕ ಮುಗಿಸುತ್ತಿದ್ದೆ. ಇದು ಏಪ್ರಿಲ್, ತರಕಾರಿ ಗಾಡಿಯಲ್ಲಿ ಸಬ್ಬಸಿಗೆ ಬಿಟ್ಟರೆ ಬಾಡದ ಸೊಪ್ಪು ಇರಲಿಲ್ಲ.

ಪುರುಷವಿಚಾರ

1982ರಲ್ಲಿ ಅಮೆರಿಕದ ಬ್ರೂಸ್ ಫೈರ್‌ಸ್ಟೀನ್ ಎಂಬ ಹಾಸ್ಯಗಾರ, ನಿಜವಾದ ಗಂಡಸರು ಕೀಶ್ ತಿನ್ನುವುದಿಲ್ಲ ಎಂಬ ಅರ್ಥದ ಶೀರ್ಷಿಕೆಯ ಪುಸ್ತಕ ಬರೆದು ದುಡ್ಡು ಮಾಡಿದ. ಮಾಡುವವರ ಬಗ್ಗೆ ಆ ಶೀರ್ಷಿಕೆ ಮೌನವಾಗಿರುವುದರಿಂದ ಈ ಅಧ್ಯಾಯ ಇಲ್ಲಿಗೇ ಮುಗಿಯುತ್ತದೆ.

ಕಾಲವಿಚಾರ

ಬ್ರಂಚ್ ಎಂಬ ಹೊತ್ತಿಗೆ ನಮ್ಮ ಪಂಚಾಂಗದಲ್ಲಿ ಜಾಗವಿಲ್ಲ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ ಬೇಟೆಗಾರರ ಒಂದು ವಾರಪತ್ರಿಕೆಯಲ್ಲಿ ಬ್ರಂಚಿನ ಪರವಾಗಿ ಅಹವಾಲು ಬರೆದ. ಶನಿವಾರ ರಾತ್ರಿ ಜಾಸ್ತಿಯಾದವರು ಭಾನುವಾರ ಬೆಳಗ್ಗೆ ಬೇಗ ಏಳುವ ಕಷ್ಟ ತಪ್ಪಲಿ, ಉಪಾಹಾರ ಊಟ ಎರಡನ್ನೂ ನಡುಹಗಲಿಗೆ ಒಂದೇ ಪಂಕ್ತಿಯಲ್ಲಿ ಮುಗಿಸಲಿ ಎಂಬುದು ಅವನ ವಾದ. ಎರಡನ್ನು ಕಳೆದು ಒಂದನ್ನು ಇಡುವುದು ಇದರ ಗಣಿತ.

ಈ ಗಣಿತ ಬೆಂಗಳೂರಿಗೆ ಬರುವಷ್ಟರಲ್ಲಿ ಕೂಡುವ ಲೆಕ್ಕವಾಗಿದೆ. ಭಾನುವಾರ ಹನ್ನೊಂದಕ್ಕೆ ಅತಿಥಿಗಳು ಎಂದು ಕೇಳಿದ ಕೂಡಲೆ ನನ್ನ ತಾಯಿ ಎತ್ತಿದ ಆಕ್ಷೇಪ ಇದು: ‘ಅಲ್ವೋ, ಹನ್ನೊಂದು ಗಂಟೆ ತನಕ ಆ ಮಕ್ಕಳು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡು ಕೂತಿರ್ತಾವಾ?’ ಕೂತಿರಲಿಲ್ಲ. ನಾನು ಆಮೇಲೆ ನಡೆಸಿದ ಕ್ಷೇತ್ರಕಾರ್ಯದಿಂದ ತಿಳಿದಂತೆ ಏಳರಲ್ಲಿ ಇಬ್ಬರು ದಾರಿಯಲ್ಲಿ ಮಸಾಲೆ ದೋಸೆ ಮುಗಿಸಿದ್ದರು, ಒಬ್ಬನಿಗೆ ಅವನಮ್ಮ ಉಪ್ಪಿಟ್ಟು ತಿನ್ನಿಸದೆ ಮನೆ ಬಿಡಗೊಟ್ಟಿರಲಿಲ್ಲ. ನಮ್ಮ ಮನೆಯಲ್ಲೇ ಎಂಟು ಗಂಟೆಗೆ ಅವಲಕ್ಕಿ ಆಗಿತ್ತು. ಬ್ರಂಚ್ ಆದಮೇಲೆ ಎರಡು ಗಂಟೆಗೆ ತಾಯಿ ‘ಸ್ವಲ್ಪ ಸಾರನ್ನ ಉಣ್ಣಿ’ ಎಂದರು, ಎಲ್ಲರೂ ಉಂಡೆವು. ತಿಂಡಿ, ಬ್ರಂಚು, ಊಟ: ಬೆರಿಂಜರನ ಎರಡು ನಮ್ಮಲ್ಲಿ ಮೂರಾಗುತ್ತದೆ. ಮಿನಿ ಎಂಬ ವಿಶೇಷಣದ ಹುಟ್ಟಿಗೆ ಇದೇ ಕಾರಣವಿರಬೇಕೆಂದು ನನ್ನ ಊಹೆ. ದೊಡ್ಡ ಕೀಶ್ ಕತ್ತರಿಸಿದರೆ ಒಂದು ಹೋಳು ತಿನ್ನಲೇಬೇಕಾದ ಸಂಕಟ. ಕಿರಿದಾದರೆ ‘ಒಂದೇ ಒಂದು’ ಎಂದು ಬಾಯಿಗೆ ಹಾಕಿಕೊಂಡು ಮರ್ಯಾದೆ ಉಳಿಸಬಹುದು.

ಪ್ರಯೋಗವಿಚಾರ

ಮೈದಾ 200 ಗ್ರಾಂ, ಬೆಣ್ಣೆ 100 ಗ್ರಾಂ, ಉಪ್ಪು ಚಿಟಿಕೆ. ಇಷ್ಟರಲ್ಲಿ ಮೂರು ಪ್ರತಿಗಳಿಗೂ ಜಗಳವಿಲ್ಲ. ಜಗಳ ನೀರಿನದು. ಖ ಪ್ರತಿಯಲ್ಲಿ ‘ತಣ್ಣೀರು’ ಆದಮೇಲೆ ಒಂದು ಅಂಕಿ, ಅದರ ಮೇಲೊಂದು ತುಪ್ಪದ ಕಲೆ, ಆಮೇಲೆ ‘ದೊಡ್ಡ ಚಮಚ’. ಅಂಕಿ 3 ಇರಬಹುದು, 8 ಇರಬಹುದು. ಭೂತಗನ್ನಡಿ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ಎಡಗಡೆ ಒಂದು ನಸುಗೆರೆ ಇದ್ದಂತಿತ್ತು. ಇಂಥ ಸಂದರ್ಭದಲ್ಲಿ ನಮ್ಮ ಶಾಸ್ತ್ರದ ಸುವರ್ಣ ನಿಯಮ ಒಂದುಂಟು: ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲ, ಸುಲಭವಾದದ್ದು ಲಿಪಿಕಾರನ ತಿದ್ದುಪಡಿ. ಕ್ಲಿಷ್ಟಪಾಠ 8. ಎಂಟು ಚಮಚ ಹುಯ್ದೆ. ಹಿಟ್ಟು ಮೊಣಕೈವರೆಗೆ ಹತ್ತಿತು.

ಪಕ್ಕದ ಕೋಣೆಯಲ್ಲಿ ಲೇಖಕಿ ಸ್ವತಃ ಕೂತಿದ್ದಳು, ಒಂದು ಮಾತು ಕೇಳಬಹುದಿತ್ತು. ಆದರೆ ಕವಿ ಬದುಕಿರುವಾಗಲೇ ಅವನನ್ನು ಕೇಳಿ ಪಾಠ ನಿರ್ಣಯಿಸುವುದು ಸಂಪಾದಕನಿಗೆ ಭೂಷಣವಲ್ಲ.

ನನ್ನ ಕೈಗಳ ಸ್ಥಿತಿ ಕಂಡು ತಾಯಿ ಬಂದರು. ಅವರು ಮೊಟ್ಟೆ ತಿನ್ನುವವರಲ್ಲ. ಆದರೆ ಈ ಹಿಟ್ಟಿನಲ್ಲಿ ಮೊಟ್ಟೆ ಇಲ್ಲವೆಂದು ಖಚಿತಪಡಿಸಿಕೊಂಡು, ಬಳೆ ಹಿಂದಕ್ಕೆ ಸರಿಸಿ ಪಾತ್ರೆ ಎಳೆದುಕೊಂಡರು. ಅರವತ್ತು ವರ್ಷದಿಂದ ಯುಗಾದಿಗೆ ಹೋಳಿಗೆಯ ಕಣಕ ನಾದಿದ ಕೈ. ಒಂದು ಹಿಡಿ ಮೈದಾ ಉದುರಿಸಿ, ಅಂಗೈಯ ಬುಡದಿಂದ ಒತ್ತಿ, ಮಡಚಿ, ತಿರುವಿ, ಎತ್ತಿ ಕುಕ್ಕಿ, ಕಾಲು ಗಂಟೆಯಲ್ಲಿ ಕಿವಿಯ ಹಾಲೆಯಷ್ಟು ಮೃದುವಾದ ಉಂಡೆ ಮಾಡಿಕೊಟ್ಟರು. ಬೆರಳಿನಿಂದ ಎಳೆದರೆ ಹರಿಯದೆ ಮೊಳದುದ್ದ ಬಂತು. ಅದಕ್ಕಿಂತ ಚೆಂದದ ಕಣಕ ನಾನು ಕಂಡಿಲ್ಲ. ಮಫಿನ್ ಟ್ರೇಯ ಹನ್ನೆರಡು ಗುಳಿಗಳಿಗೂ ಅದನ್ನು ಹಾಸಿ ಓಟಿಜಿಯೊಳಗೆ ತಳ್ಳಿದೆ. ಹೊರಬಂದಾಗ ಗುಳಿಯ ಅಂಚಿನವರೆಗೆ ಏರಿಸಿದ್ದ ಹಿಟ್ಟು ಬುಡಕ್ಕೆ ಕುಸಿದು, ಮಣ್ಣಿನ ಹಣತೆಯಂತೆ ಗಟ್ಟಿಯಾಗಿ ಕೂತಿತ್ತು. ತಟ್ಟಿದರೆ ಟಣ್ ಎಂದಿತು. ಹೆಂಡತಿ ಒಂದನ್ನು ಎತ್ತಿ ನೋಡಿ, ‘ದೀಪಾವಳಿಗೆ ಎತ್ತಿಡಿ’ ಎಂದಳು.

ಕಾರಣ ವಿಚಾರಿಸಿದರೆ ಹೋಳಿಗೆಗೂ ಕೀಶ್‌ಗೂ ಹುಟ್ಟುವೈರ. ಗೋಧಿಯ ಪ್ರೋಟೀನು ನೀರು ಕುಡಿದು ಕೈಯ ಪೆಟ್ಟು ತಿಂದಷ್ಟೂ ಗ್ಲುಟೆನ್ ಎಂಬ ಅಂಟಿನ ಬಲೆ ಹೆಣೆದುಕೊಳ್ಳುತ್ತದೆ. ಹೋಳಿಗೆಗೆ ಆ ಬಲೆಯೇ ಜೀವ. ಹೂರಣವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹರಿಯದೆ ಹಿಗ್ಗಬೇಕಲ್ಲ. ಕೀಶ್‌ನ ತಳಕ್ಕೆ ಅದೇ ಶತ್ರು. ಎಳೆದ ಬಲೆ ಬಿಸಿ ತಾಗಿದೊಡನೆ ಮುದುರಿ ತನ್ನ ಜಾಗಕ್ಕೆ ಓಡುತ್ತದೆ. ಆದ್ದರಿಂದ ಇಲ್ಲಿ ಫ್ರಿಜ್ಜಿನಿಂದ ಆಗತಾನೆ ತೆಗೆದ ಗಟ್ಟಿ ಬೆಣ್ಣೆಯನ್ನು ಬೆರಳ ತುದಿಯಲ್ಲೇ ಮೈದಾಗೆ ಉಜ್ಜಬೇಕು; ಉಪ್ಪಿಟ್ಟಿನ ರವೆಯಂತೆ ಉದುರುದುರು ಆಗಬೇಕು. ಜಿಡ್ಡು ಹಿಟ್ಟಿನ ಕಣಗಳಿಗೆ ರೇನ್‌ಕೋಟು ತೊಡಿಸಿ ನೀರನ್ನು ಹೊರಗೇ ನಿಲ್ಲಿಸುತ್ತದೆ. ನೀರು ಮೂರೇ ಚಮಚ, ಹಿಟ್ಟು ಒಂದಾದರೆ ಸಾಕು, ನಾದುವಂತಿಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿ ಮಲಗಿಸಬೇಕು. ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಬಿಟ್ಟರೆ ಬಾಯಲ್ಲಿ ಕರಗುತ್ತದೆ ಎಂದು ತಾಯಿಗೆ ಗೊತ್ತಿದ್ದ ಶಾಸ್ತ್ರವೇ ಇದು. ಮೈದಾ ಕಂಡಾಗ ಕೈ ಕಣಕದ ಕಡೆ ಹೋಯಿತು, ಅಷ್ಟೆ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಮತ್ತು ಏಪ್ರಿಲ್ ಮಧ್ಯಾಹ್ನ ನಮ್ಮ ಅಡುಗೆಮನೆಯೂ ಅಲ್ಲಿಯೇ ವಾಸಿಸುತ್ತದೆ. ಎರಡನೆಯ ಹಿಟ್ಟನ್ನು ರಾತ್ರಿ ಹತ್ತಕ್ಕೆ, ತಾಯಿ ಮಲಗಿದ ಮೇಲೆ, ಕಳ್ಳನಂತೆ ಕಲಸಿದೆ. ಜಾಗ್ರತೆಗೆಂದು ಅಳತೆ ಕೊಂಚ ಹೆಚ್ಚಿಗೆಯೇ ಇಟ್ಟೆ.

ಇನ್ನು ಅಂಧಪಾಕ. ಹೂರಣ ತುಂಬುವ ಮುನ್ನ ಬರೀ ತಳವನ್ನು ಬೇಯಿಸಿಕೊಳ್ಳುವುದಕ್ಕೆ ಇಂಗ್ಲಿಷಿನವರು ‘ಕುರುಡು ಬೇಯಿಕೆ’ ಎನ್ನುತ್ತಾರೆ, ನಾನು ಸಂಸ್ಕರಿಸಿದ್ದೇನೆ. ಕುರುಡು ಯಾರು, ತಳವೋ ಬೇಯಿಸುವವನೋ ಎಂಬುದನ್ನು ಮೂರೂ ಪ್ರತಿಗಳು ಬಗೆಹರಿಸುವುದಿಲ್ಲ. ಹಾಗೇ ಬೇಯಿಸಿದರೆ ತಳ ಪೂರಿಯಂತೆ ಉಬ್ಬುತ್ತದೆ. ಉಬ್ಬದಂತೆ ಪ್ರತಿ ಗುಳಿಗೂ ಕಾಗದ ಹಾಸಿ ಮೇಲೆ ಕಾಳಿನ ಭಾರ ಹೇರಬೇಕು. ಮನೆಯಲ್ಲಿ ಭಾರಕ್ಕೆ ಒದಗಿದ್ದು ಅರ್ಧ ಕಿಲೋ ಹುರುಳಿ. 190 ಡಿಗ್ರಿಯಲ್ಲಿ 12 ನಿಮಿಷ ಕಾಳಿನ ಸಮೇತ, ಕಾಳು ತೆಗೆದು ಇನ್ನೂ 5 ನಿಮಿಷ. ಈ ಶಾಸ್ತ್ರ ತಪ್ಪಿಸಿದವರ ಕೀಶ್‌ನ ಬುಡ ಹಸಿಹಿಟ್ಟಾಗಿ ಅಂಗುಳಿಗೆ ಮೆತ್ತುತ್ತದೆ. ಓಟಿಜಿಯ ಹಿಂಗೋಡೆಯ ಪಕ್ಕ ಮುಂದಿಗಿಂತ ಕಾವು ಜಾಸ್ತಿ ಎಂಬುದು ಗ ಪ್ರತಿಯಲ್ಲಿ ಇಲ್ಲದ ಮಾಹಿತಿ. ಹಿಂಸಾಲಿನ ಮೂರು ಗೂಡುಗಳು ಕರಕಲಾಗಿ ಅದನ್ನು ತಿಳಿಸಿದವು.

ಉಳಿದದ್ದು ಒಂಬತ್ತು. ಮೂರು ಮೊಟ್ಟೆಗೆ 300 ಮಿಲಿಲೀಟರು ಹಾಲು ಮತ್ತು ಕ್ರೀಮು ಸಮಸಮ, ಉಪ್ಪು, ಮೆಣಸಿನ ಪುಡಿ. ಪ್ಯಾಕೆಟ್ಟಿನ ಕ್ರೀಮಿನಲ್ಲಿ ಜಿಡ್ಡು ಶೇ. 25ರ ಆಸುಪಾಸು, ಫ್ರೆಂಚರ ಕೆನೆಗಿಂತ ತೆಳು. ನಮ್ಮ ಮನೆಯ ಹಾಲಿನ ಮೇಲಿನ ಕೆನೆ ಎರಡು ಚಮಚ ಸೇರಿಸಿ ಅಂತರ ತುಂಬಿದೆ. ಸಬ್ಬಸಿಗೆಯನ್ನು ಬಾಡಿಸಿ ಬಟ್ಟೆಯಲ್ಲಿ ಹಿಂಡಿದೆ. ಹಿಂಡದ ಸೊಪ್ಪು ಒಳಗೆ ಕೂತು ನೀರು ಬಿಡುತ್ತದೆ. ಭಾನುವಾರ ಹತ್ತು ಗಂಟೆಗೆ ಮೊದಲು ಒಂದನ್ನು ಮಾತ್ರ ತುಂಬಿ ಪ್ರಾಯೋಗಿಕವಾಗಿ ಬೇಯಿಸಿದೆ. ಕ ಪ್ರತಿ 35 ನಿಮಿಷ ಎಂದಿತ್ತು, ಅಕ್ಷರಶಃ ಪಾಲಿಸಿದೆ. ಆ ಪಾಠ 23 ಸೆಂಟಿಮೀಟರಿನ ಹಿರಿಕೀಶದ್ದು ಎಂಬುದು ವಾಟ್ಸಾಪಿನಲ್ಲಿ ಮೇಲಕ್ಕೆ ಸರಿಸಿದಾಗ ತಿಳಿಯಿತು. ಹೊರಬಂದದ್ದು ಮೇಲೆಲ್ಲ ತೂತು, ಸುತ್ತ ನೀರು, ನಡುವೆ ಒಡೆದ ಹಾಲಿನಂಥ ಕರಣೆ. ಮೊಟ್ಟೆ ಬೆರೆತ ಹಾಲು ಹೆಪ್ಪಾಗಿ ನಿಲ್ಲುವುದು ಸುಮಾರು 80 ಡಿಗ್ರಿಗೆ. ಅದರ ಮೇಲೆ ನಾಲ್ಕಾರು ಡಿಗ್ರಿ ಏರಿದರೂ ಪ್ರೋಟೀನಿನ ಬಲೆ ಬಿಗಿದು, ಹಿಡಿದಿಟ್ಟ ನೀರನ್ನು ಹಿಂಡಿ ಹೊರಹಾಕುತ್ತದೆ.

ಆ ಅವಶೇಷವನ್ನು ತಾಯಿ ಎರಡು ಮಾರು ದೂರದಿಂದ ನೋಡಿದರು. ‘ಗಿಣ್ಣು ಕೆಟ್ಟ ಹಾಗೆ ಕೆಟ್ಟಿದೆ’ ಎಂದರು.

ನಾನು ಕೈಯಲ್ಲಿದ್ದ ಚಮಚ ಕೆಳಗಿಟ್ಟೆ. ಮೂರು ಪ್ರತಿಗಳಲ್ಲಿ, ಅಮರಕೋಶದಲ್ಲಿ, ಪೋಲೆಂಡಿನ ಮಾವನಲ್ಲಿ ಸಿಗದ ಸಾದೃಶ್ಯ ಇಲ್ಲಿತ್ತು. ಕರು ಹಾಕಿದ ಹಸುವಿನ ಮೊದಲ ಹಾಲನ್ನು ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿಟ್ಟರೆ ಅದರ ಪ್ರೋಟೀನು ತಾನೇ ಹೆಪ್ಪಾಗಿ ನಿಲ್ಲುತ್ತದೆ, ಮೊಟ್ಟೆಯ ಹಂಗಿಲ್ಲ. ಉರಿ ಜಾಸ್ತಿಯಾದರೆ ತೂತು ಬೀಳುತ್ತದೆ, ನೀರೊಡೆಯುತ್ತದೆ. ‘ಗಿಣ್ಣು ಆಗಿದೆ ಅಂತ ಹೇಗೆ ಗೊತ್ತಾಗತ್ತಮ್ಮ?’ ಎಂದೆ. ‘ಪಾತ್ರೆ ಅಲ್ಲಾಡಿಸಿದ್ರೆ ಅಂಚು ಅಲ್ಲಾಡಬಾರ್ದು, ನಡು ಮಾತ್ರ ನಡುಗಬೇಕು. ಪೂರ್ತಿ ಗಟ್ಟಿ ಆಗೋ ತನಕ ಇಟ್ರೆ ಕೆಡ್ತು. ಉಳಿದದ್ದು ಇಳಿಸಿದ ಮೇಲೆ ತಾನೇ ಆಗತ್ತೆ.’

ಉಳಿದ ಎಂಟಕ್ಕೂ ಹುಯ್ದು, 175 ಡಿಗ್ರಿಗೆ ಇಟ್ಟು ಬಾಗಿಲು ಮುಚ್ಚಿದೆ. ತಾಯಿ ಕುರ್ಚಿ ತಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಓಟಿಜಿಯ ಗಾಜಿಗೆ ಕಣ್ಣು ನೆಟ್ಟು ಕೂತರು. ಹದಿನೆಂಟನೆಯ ನಿಮಿಷಕ್ಕೆ ಸೆರಗಿನೊಳಗಿಂದಲೇ ‘ತೆಗಿ’ ಎಂದರು. ತೆಗೆದೆ. ಟ್ರೇ ಅಲುಗಿಸಿದಾಗ ಎಂಟು ನಡುಗಳೂ ಒಟ್ಟಿಗೆ ನಡುಗಿದವು.

ಫಲವಿಚಾರ

ಹನ್ನೊಂದರವರು ಹನ್ನೆರಡೂ ಕಾಲಿಗೆ ಬಂದರು. ಕೀಶ್‌ಗಳನ್ನು ಬಾಳೆಲೆ ಹಾಸಿದ ತಟ್ಟೆಯಲ್ಲಿ ಜೋಡಿಸಿದ್ದೆ. ಚೀಸ್ ಇದ್ದವು ನಾಲ್ಕು, ಇಲ್ಲದವು ನಾಲ್ಕು. ಕಂಸದೊಳಗಿನ ಪಾಠವೇ ಮೊದಲು ಖಾಲಿಯಾಯಿತೆಂದು ವಿಷಾದದಿಂದ ದಾಖಲಿಸುತ್ತೇನೆ. ಕನ್ನಡಕದ ಹುಡುಗನೊಬ್ಬ ಒಂದನ್ನು ಎರಡೇ ತುತ್ತಿಗೆ ಮುಗಿಸಿ, ಬೆರಳಿಗಂಟಿದ ಪುಡಿಯನ್ನು ನೆಕ್ಕಿ, ‘ಅಂಕಲ್, ಸಖತ್ತಾಗಿದೆ, ನಮ್ಮ ಬೇಕರಿ ಎಗ್ ಪಫ್ ಥರಾನೇ ಇದೆ’ ಎಂದ. ಲೊರೇನಿನ ಗಡಿಯುದ್ಧಗಳು, ಪಾಠಾಂತರಗಳು, ಗ್ಲುಟೆನ್ನು ಎಲ್ಲವೂ ನನ್ನ ನಾಲಗೆಯ ತುದಿಗೆ ಬಂದವು. ಮಗಳು ಮೇಜಿನಡಿ ಕಾಲು ತುಳಿದಳು. ‘ಥ್ಯಾಂಕ್ಸಪ್ಪಾ’ ಎಂದೆ.

ಮೊಟ್ಟೆ ಮುಟ್ಟದ ಹುಡುಗಿಯೊಬ್ಬಳು ಹಣ್ಣು ಮೆಲ್ಲುತ್ತ ಕೂತಿದ್ದಳು. ಇದನ್ನು ತಾಯಿ ಅಡುಗೆಮನೆಯಿಂದ ಯಾವಾಗ ಗಮನಿಸಿದರೋ ತಿಳಿಯದು. ರಾತ್ರಿ ನಾನು ಬಚ್ಚಿಟ್ಟಿದ್ದ ಹಿಟ್ಟಿನಲ್ಲಿ ಉಳಿದ ಉಂಡೆ ಅವರ ಕೈಗೆ ಸಿಕ್ಕಿತ್ತು. ಬೆಣ್ಣೆ ಜಾಸ್ತಿಯಾಗಿದೆ, ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಒಂದು ಹಿಡಿ ಚಿರೋಟಿ ರವೆ, ಚೂರು ನೀರು ಸೇರಿಸಿ, ಈ ಸಲ ಯಾರ ತಡೆಯೂ ಇಲ್ಲದೆ ಮನಸಾರೆ ನಾದಿದರು. ಕಾಯಿತುರಿ, ಬೆಲ್ಲ, ಏಲಕ್ಕಿ ತುಂಬಿ ಅಂಚು ಕಟ್ಟಿ ಬಾಣಲೆಗೆ ಬಿಟ್ಟರು. ಹತ್ತು ಕರಿಗಡುಬು ಬಿಸಿಬಿಸಿಯಾಗಿ ಬಂದವು. ದೋಸೆ ತಿಂದು ಬಂದವರು ಸಮೇತ ಕೈಹಾಕಿದರು.

ಸಂಜೆ ಮಾವನ ಫೋನು. ‘ಏನಯ್ಯ, ಕೋತಿ ಹೇಗಾಯ್ತು?’

‘ಗಣಪತಿ ಮಾಡಕ್ಕೆ ಹೋಗಿ ಕೋತಿ ಮಾಡಿದ್ರು ಅಂತಾರಲ್ಲ ಮಾವ. ನಾವು ಕೀಶ ಮಾಡಕ್ಕೆ ಹೋಗಿ ಗಣಪತಿಯ ಕಡುಬು ಮಾಡಿದ್ವಿ.’

ಉತ್ತರ ಪ್ರಕರಣ

ಸೋಮವಾರ ಹೆಂಡತಿ ಹುರುಳಿಸಾರಿಗೆ ಕಾಳು ಇಟ್ಟಳು. ಕುಕ್ಕರು ಆರು ಕೂಗು ಕೂಗಿತು, ಎಂಟು ಕೂಗಿತು, ತೆಗೆದರೆ ಜಲ್ಲಿಕಲ್ಲು. ಓಟಿಜಿಯಲ್ಲಿ ಒಮ್ಮೆ ಕಾದ ಕಾಳು ಮತ್ತೆ ಬೇಯುವುದಿಲ್ಲ ಎಂಬ ಸಂಗತಿಯನ್ನು ಪ್ರಕಟಿಸಲು ನಾನು ಮರೆತಿದ್ದೆ. ಕುಕ್ಕರಿಗೆ ಹೋಗದೆ ಮಿಕ್ಕಿದ್ದನ್ನು ಒಂದು ಡಬ್ಬಿಗೆ ತುಂಬಿ, ಮುಂದಿನ ಅಂಧಪಾಕಕ್ಕೆ ಒದಗಲೆಂದು ಚೀಟಿ ಅಂಟಿಸಿ ದುಂಡಕ್ಷರದಲ್ಲಿ ಬರೆದಿಟ್ಟೆ: ‘ಹುರುಳಿ, ಕೀಶ್‌ಗೆ ಮಾತ್ರ.’

ಮರುವಾರ ಮಾವ ಬೆಂಗಳೂರಿಗೆ ಬಂದವರು ಕಾಫಿ ಲೋಟ ಹಿಡಿದು ಅಡುಗೆಮನೆಯ ಕಪಾಟಿನ ಮುಂದೆ ನಿಂತರು. ಕನ್ನಡಕ ಹಣೆಗೇರಿಸಿ ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ನನ್ನ ತಾಯಿಯ ಕಡೆ ತಿರುಗಿ, ‘ಅಕ್ಕಾ, ಕುದುರೆಗೆ ಹುರುಳಿ ಇಡೋದು ಕೇಳಿದ್ದೆ. ನಿನ್ನ ಮಗ ಕೋತಿಗೆ ಇಟ್ಟಿದ್ದಾನೆ ನೋಡು’ ಎಂದರು.